ಯಾರು ಬಂದರೂ ಕೂರಿಸಿ, ಅಳತೆ ತೆಗೆಯಿರಿ

ಬೆಂಗಳೂರಿನ ಕಮ್ಮನಹಳ್ಳಿಯಲ್ಲಿ ಒಂದು ಚಪ್ಪಲಿ, ಶೂ ಅಂಗಡಿಯ ಉಸ್ತುವಾರಿ ನನ್ನದು. ಆಫ್ರಿಕಾದ ದೇಶಗಳಿಂದ ಓದಲು ಬಂದವರು ಈ ಭಾಗದಲ್ಲಿ ತುಂಬ ಜನ ಇದ್ದಾರೆ. ಮಣಿಪುರ, ನಾಗಾಲ್ಯಾಂಡ್ ಕಡೆಯ ಹುಡುಗ ಹುಡುಗಿಯರೂ ಇದ್ದಾರೆ. ನಮ್ಮ ವ್ಯಾಪಾರದಲ್ಲಿ ಇವರದ್ದು ದೊಡ್ಡ ಪಾಲು. ಆದರೂ ಒಳಗೆ ಕಾಲಿಟ್ಟಾಗ ಇವರಿಗೆ ಸಿಗುತ್ತಿದ್ದ ಮರ್ಯಾದೆ ಬೇರೆ.

ಬೈದರೆ ಗೊತ್ತಾಗುತ್ತದೆ, ಕರೆದು ಕೇಳಬಹುದು. ಶೂ ಅಂಗಡಿಯಲ್ಲಿ ತಾರತಮ್ಯ "ಸೈಜ್ ಇಲ್ಲ" ಅನ್ನುವ ಎರಡು ಮಾತಿನಲ್ಲಿ ಅಡಗಿರುತ್ತದೆ. ಆಫ್ರಿಕಾದ ಹುಡುಗ ಬಂದು ಹನ್ನೊಂದನೇ ನಂಬರ್ ಕೇಳುತ್ತಾನೆ. ಸೇಲ್ಸ್ ಹುಡುಗ ಸ್ಟೂಲಿನಿಂದ ಏಳುವುದೇ ಇಲ್ಲ, ಕತ್ತು ಆಡಿಸಿಬಿಡುತ್ತಾನೆ. ಅದೇ ನಂಬರನ್ನು ನಮ್ಮ ಕಡೆಯ ಎತ್ತರದ ಮನುಷ್ಯ ಕೇಳಲಿ, "ಕೂತ್ಕೊಳ್ಳಿ ಸಾರ್, ಮೇಲೆ ನೋಡ್ತೀನಿ" ಅಂತ ಏಣಿ ಹತ್ತುತ್ತಾನೆ. ಬಾಕ್ಸ್ ಎರಡೂ ಸಲ ಅಟ್ಟದಲ್ಲೇ ಇರುತ್ತದೆ.

ಒಮ್ಮೆ ಯಲ್ಲಾಪುರ ಕಡೆಯ ಸಿದ್ದಿ ಯುವಕರೊಬ್ಬರು ಬಂದಿದ್ದರು. ಸಿದ್ದಿಗಳು ಆಫ್ರಿಕಾ ಮೂಲದವರು, ಆದರೆ ತಲೆಮಾರುಗಳಿಂದ ನಮ್ಮ ನಾಡಿನವರೇ. ಹುಡುಗ ಇಂಗ್ಲಿಷಿನಲ್ಲಿ "ನೋ ಸೈಜ್" ಅಂದ. "ಮೇಲೆ ಒಂದ್ಸಲ ನೋಡಿ ಹೇಳಿ" ಅಂತ ಅವರು ಕನ್ನಡದಲ್ಲಿ ಕೇಳಿದರು. ಇವನ ಮುಖ ಅರಳಿತು, ಏಣಿಯೂ ಬಂತು, ಬಾಕ್ಸೂ ಬಂತು. ಎಲ್ಲರೂ ಖುಷಿಪಟ್ಟರು. ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟ. ಕನ್ನಡ ಬಾರದವನ ಕಾಲಿಗೂ ಶೂ ಬೇಕಲ್ವಾ?

ಹುಡುಗರನ್ನು ಕೇಳಿದರೆ "ಅಣ್ಣ, ಅವರು ತಗೊಳ್ಳಲ್ಲ, ಸುಮ್ನೆ ಟೈಂಪಾಸ್" ಅನ್ನುತ್ತಿದ್ದರು. ವಾದ ಮಾಡಲಿಲ್ಲ. ಒಂದು ನೋಟ್‌ಬುಕ್ ಇಟ್ಟೆ. ಬಂದವರು ಕೇಳಿದ ಮಾಡೆಲ್, ನಂಬರ್, ತೋರಿಸಿದರಾ ಇಲ್ಲವಾ, ಕೊಂಡರಾ ಇಲ್ಲವಾ, ಇಷ್ಟೇ ಬರೆಯಬೇಕು. ರಾತ್ರಿ ಅದನ್ನು ಸ್ಟಾಕಿನ ಜೊತೆ ತಾಳೆ ನೋಡುತ್ತಿದ್ದೆ. "ಇಲ್ಲ" ಅಂದ ಎಷ್ಟೋ ಜೊತೆ ಮೇಲೇ ಇದ್ದವು. ತಗೊಳ್ಳದೆ ಹೋದವರಲ್ಲಿ ಜಾಸ್ತಿ ಜನ ನಮ್ಮವರು ಏನನ್ನೂ ತೋರಿಸದೇ ಕಳಿಸಿದವರು. ಲೆಕ್ಕ ಕಣ್ಣಮುಂದೆ ಇದ್ದಾಗ ಟೈಂಪಾಸ್ ಮಾತು ತಾನಾಗಿ ನಿಂತಿತು.

ಬುದ್ಧಿ ಹೇಳಿ ಇದನ್ನು ಸರಿ ಮಾಡಲು ಆಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸೇಲ್ಸ್‌ನವನ ಇಷ್ಟಕ್ಕೆ ಎಲ್ಲಿ ಬಿಟ್ಟಿರುತ್ತೇವೋ ಅಲ್ಲೇ ತಾರತಮ್ಯ ನುಸುಳುತ್ತದೆ. ಅಮೆರಿಕದಲ್ಲಿ ಇಯಾನ್ ಏಯರ್ಸ್ ಮತ್ತು ಪೀಟರ್ ಸೀಗಲ್‌ಮನ್ 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಿಕಾಗೋದ ಕಾರು ಶೋರೂಮುಗಳಿಗೆ ಜನರನ್ನು ಕಳಿಸಿ, ಎಲ್ಲರೂ ಒಂದೇ ರೀತಿ ಚೌಕಾಸಿ ಮಾಡುವಂತೆ ತರಬೇತಿ ಕೊಟ್ಟಿದ್ದರು. ಆದರೂ ಕಪ್ಪು ಗಂಡಸರಿಗೆ ಬಿಳಿ ಗಂಡಸರಿಗಿಂತ ಸರಾಸರಿ ಸುಮಾರು ಸಾವಿರ ಡಾಲರ್ ಜಾಸ್ತಿ ರೇಟು ಬಿದ್ದಿತ್ತು. ಕಾರಿನ ರೇಟು ಮಾತಿನಲ್ಲಿ ಕುದುರುವಂಥದ್ದು. ನಮ್ಮಲ್ಲಿ ಡಿಸ್ಕೌಂಟೂ ಹಾಗೇ ಇತ್ತು, ಮುಖ ನೋಡಿ ಕೊಡುತ್ತಿದ್ದರು. ಈಗ ಬೋರ್ಡಿನಲ್ಲಿ ಬರೆದಷ್ಟೇ, ಯಾರಿಗಾದರೂ ಅಷ್ಟೇ.

ಬ್ಯಾಗಿಗೂ ಅದೇ ನಿಯಮ. ಮೊದಲು ಕೆಲವರ ಬ್ಯಾಗ್ ಮಾತ್ರ ಬಾಗಿಲಲ್ಲಿ ನಿಲ್ಲುತ್ತಿತ್ತು. ಈಗ ಎಲ್ಲರಿಗೂ ಟೋಕನ್, ಮಾಲೀಕರ ಮನೆಯವರಿಗೂ. ಗಿರಾಕಿಯನ್ನು ಆರಿಸಿಕೊಳ್ಳುವಂತಿಲ್ಲ, ಸರದಿ ಯಾರದೋ ಅವರೇ ಏಳಬೇಕು. ಮೊದಲು ಕೂರಿಸಿ, ಎರಡೂ ಕಾಲಿನ ಅಳತೆ ತೆಗೆದು, ಮೇಲೆ ಹತ್ತಿ ನೋಡಿದ ಮೇಲೆಯೇ "ಇಲ್ಲ" ಅನ್ನಬೇಕು. ಎಲ್ಲಕ್ಕಿಂತ ಕಷ್ಟವಾಗಿದ್ದು ಕಮಿಷನ್. ಒಬ್ಬೊಬ್ಬರಿಗೆ ಬೇರೆ ಬೇರೆ ಕಮಿಷನ್ ಇದ್ದರೆ, ಯಾರು ಕೊಳ್ಳುತ್ತಾರೆ ಅಂತ ಮುಖ ನೋಡಿ ಅಂದಾಜು ಮಾಡುವುದು ನಿಲ್ಲುವುದೇ ಇಲ್ಲ. ಒಟ್ಟು ಸೇರಿಸಿ ಹಂಚಲು ಮಾಲೀಕರನ್ನು ಒಪ್ಪಿಸಿದೆ. ಚೆನ್ನಾಗಿ ಮಾರುತ್ತಿದ್ದ ಒಬ್ಬ ಹುಡುಗ ಇದಕ್ಕೇ ಕೆಲಸ ಬಿಟ್ಟ.

ನಿಯಮಕ್ಕೆ ಸಿಗದ್ದೂ ಇದೆ: ನಗು, ಕಣ್ಸನ್ನೆ, ಕನ್ನಡದಲ್ಲಿ ಆಡುವ ಕೊಂಕು. ಅದಕ್ಕೆ ಹೊಸ ಹುಡುಗರಿಗೆ ನೀಡೋ ತಾನಿಯಂ ಕತೆ ಹೇಳುತ್ತೇನೆ. ಅರುಣಾಚಲದ ವಿದ್ಯಾರ್ಥಿ. 2014ರ ಜನವರಿಯಲ್ಲಿ ದೆಹಲಿಯ ಲಜಪತ್ ನಗರದ ಒಂದು ಅಂಗಡಿಯಲ್ಲಿ ಅವನ ಕೂದಲು ನೋಡಿ ಆಡಿಕೊಂಡರು. ಜಗಳವಾಯಿತು, ಹೊಡೆದರು, ಮಾರನೇ ದಿನ ಅವನು ತೀರಿಕೊಂಡ. ಶುರುವಾಗಿದ್ದು ಕೌಂಟರಿನ ಒಂದು ನಗೆಯಿಂದ. ಇದನ್ನು ಕೇಳಿ ಸುಮ್ಮನಾಗದ ಹುಡುಗನನ್ನು ನಾನು ಇನ್ನೂ ನೋಡಿಲ್ಲ.

ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿಯ ಹೆಸರೇ ಇದೆ. ಜನಾಂಗ, ಜಾತಿ, ಹುಟ್ಟಿದ ಊರಿನ ಕಾರಣಕ್ಕೆ ಯಾವ ನಾಗರಿಕನಿಗೂ ಅಂಗಡಿಗೆ ಬರಲು ಅಡ್ಡಿ ಮಾಡುವಂತಿಲ್ಲ. ಮಣಿಪುರದ ಹುಡುಗಿಗೂ ಯಲ್ಲಾಪುರದ ಸಿದ್ದಿಗೂ ಆ ಬಲ ಇದೆ. ಕಾಂಗೋದಿಂದ ಬಂದವನು ನಾಗರಿಕನಲ್ಲ, ಅವನಿಗೆ ಆ ಮಾತು ಅನ್ವಯಿಸುವುದಿಲ್ಲ. ಅವನ ಪಾಲಿಗೆ ಇರುವುದು ನಮ್ಮ ಅಂಗಡಿಯ ನಿಯಮ ಮಾತ್ರ. ಅದಕ್ಕೇ ನಾನು ಅದರಲ್ಲಿ ಸಡಿಲ ಬಿಡುವುದಿಲ್ಲ.

ನೋಟ್‌ಬುಕ್ ಈಗಲೂ ನಡೆಯುತ್ತಿದೆ. ಹನ್ನೊಂದು, ಹನ್ನೆರಡು ಕೇಳುವವರು ಎಷ್ಟು ಜನ ಅಂತ ಅದರಿಂದಲೇ ಗೊತ್ತಾಯಿತು. ಎಲ್ಲ ನಂಬರ್ ಸೇರಿಸಿ ಬರುವ ಸೆಟ್ಟಿನಲ್ಲಿ ದೊಡ್ಡ ನಂಬರ್ ಕಮ್ಮಿ ಇರುತ್ತದೆ. ಈಗ ಅವನ್ನು ಬೇರೆಯಾಗಿ ಆರ್ಡರ್ ಹಾಕಿ ತರಿಸಿ, ಅಟ್ಟದ ಬದಲು ಕೆಳಗಿನ ರ‍್ಯಾಕಿನಲ್ಲೇ ಇಡಿಸುತ್ತಿದ್ದೇನೆ.