ಆಲೋಚಿಸಲು ಕಲಿಸುವುದು, ಆಲೋಚನೆಯನ್ನು ಮೆಚ್ಚುವುದು: ಆರರಿಂದ ಎಂಟನೇ ತರಗತಿಯ ಶಿಕ್ಷಕರಿಗೆ

ಸುಮಾರು ಹನ್ನೊಂದನೇ ವಯಸ್ಸಿನಿಂದ ಮಕ್ಕಳು ಕಣ್ಣೆದುರಿಗಿಲ್ಲದ ಸಂಗತಿಗಳ ಬಗ್ಗೆಯೂ ‘ಹೀಗಾದರೆ ಏನಾದೀತು’ ಎಂದು ತರ್ಕಿಸತೊಡಗುತ್ತಾರೆ. ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ರೂಪಿಸಿ, ಮುಂದೆ 2001ರಲ್ಲಿ ಇತರರು ಪರಿಷ್ಕರಿಸಿದ, ಆಲೋಚನೆಯ ಹಂತಗಳ ವರ್ಗೀಕರಣವು ಸ್ಮರಣೆ, ಗ್ರಹಿಕೆ, ಅನ್ವಯಗಳ ಮೇಲೆ ವಿಶ್ಲೇಷಣೆ, ಮೌಲ್ಯಮಾಪನ, ಸೃಷ್ಟಿಗಳನ್ನು ಇರಿಸುತ್ತದೆ. ಕೆಳಗಿನ ಮೂರು ಪಕ್ಕಾ ಆಗುವವರೆಗೆ ಮೇಲಿನವುಗಳನ್ನು ಮುಟ್ಟಬಾರದೆಂದು ಕೆಲವರು ಭಾವಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಏಕೆಂದರೆ ಯೋಚಿಸುತ್ತ ಕಲಿತ ಸೂತ್ರವೇ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ. ಪಾಠಯೋಜನೆಯಲ್ಲಿಯೇ ಒಂದು ಗಟ್ಟಿ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. ಪಾಠದ ಭರದಲ್ಲಿ ನಾಲಿಗೆಗೆ ಬರುವುದು ನೆನಪಿನ ಪ್ರಶ್ನೆಗಳೇ.

ಸುತ್ತಳತೆಯ ಪಾಠವನ್ನೇ ನೋಡಿ. ಪ್ರತಿ ಜೋಡಿಗೂ ತುದಿ ಸೇರಿಸಿ ಗಂಟು ಹಾಕಿದ, ಸುತ್ತ 24 ಸೆಂಟಿಮೀಟರ್ ಬರುವ ದಾರವನ್ನು ಕೊಟ್ಟು, ಅದರಿಂದ ಮಾಡಬಹುದಾದ ಆಯತಗಳೆಲ್ಲದರ ವಿಸ್ತೀರ್ಣ ಒಂದೇ ಆಗಿರುತ್ತದೆಯೇ ಎಂದು ಕೇಳಿ. ‘ದಾರ ಒಂದೇ ತಾನೇ, ವಿಸ್ತೀರ್ಣವೂ ಒಂದೇ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ತಪ್ಪೆನ್ನದೆ ಆ ಮಾತನ್ನು ಹಾಗೆಯೇ ಕರಿಹಲಗೆಯ ಮೇಲೆ ಬರೆದು, ಇದನ್ನು ಪರೀಕ್ಷಿಸುವುದು ಹೇಗೆ ಎಂದು ತರಗತಿಯನ್ನೇ ಕೇಳಿ. ಉದ್ದ 10, ಅಗಲ 2 ಇಟ್ಟವರಿಗೆ 20 ಚದರ ಸೆಂಟಿಮೀಟರ್ ಬರುತ್ತದೆ. 8 ಮತ್ತು 4 ಇಟ್ಟವರಿಗೆ 32. ನಾಲ್ಕೂ ಬದಿ 6 ಇಟ್ಟವರಿಗೆ 36. ಈ ಸಂಖ್ಯೆಗಳನ್ನು ಸಾಲಾಗಿ ಬರೆದು ಸುಮ್ಮನಿದ್ದರೆ, ಚೌಕಕ್ಕೆ ಹತ್ತಿರವಾದಷ್ಟೂ ವಿಸ್ತೀರ್ಣ ಹೆಚ್ಚುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ಆ ಸುಮ್ಮನಿರುವಿಕೆಯೇ ಕಷ್ಟ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದೂ, ಅದು ಮೂರು ಸೆಕೆಂಡಿಗೆ ಏರಿದಾಗ ಉತ್ತರಗಳು ದೀರ್ಘವಾಗಿ, ಹೆಚ್ಚು ಮಕ್ಕಳು ತಾವಾಗಿ ಬಾಯಿಬಿಡುತ್ತಾರೆಂದೂ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟರು. ತರಗತಿಯ ಮುಂದೆ ನಿಂತವರಿಗೆ ಮೂರು ಸೆಕೆಂಡು ಯುಗದಂತೆ ಕಾಣುತ್ತದೆ, ಮನಸ್ಸಿನಲ್ಲೇ ಎಣಿಸಿಕೊಳ್ಳಿ.

ಮೆಚ್ಚುಗೆಯೂ ಇದೇ ದಾರಿಯಲ್ಲಿ ಸಾಗಬೇಕು. ಅಂಕಗಳಿಗೆ ಮಾತ್ರ ಚಪ್ಪಾಳೆ ತಟ್ಟುವ ತರಗತಿಯಲ್ಲಿ ಕಠಿಣ ಪ್ರಶ್ನೆಗೆ ಕೈಯೆತ್ತುವ ಸಾಹಸ ಯಾರಿಗೂ ಬೇಡವಾಗುತ್ತದೆ. ‘ನೀನು ಜಾಣ’ ಎಂದು ಹೊಗಳಿಸಿಕೊಂಡ ಮಕ್ಕಳು, ಪ್ರಯತ್ನಕ್ಕಾಗಿ ಹೊಗಳಿಸಿಕೊಂಡವರಿಗಿಂತ, ಸೋಲಿನ ನಂತರ ಬೇಗ ಹಿಂಜರಿದರೆಂದು ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ವರದಿ ಮಾಡಿದ್ದಾರೆ. ಆದ್ದರಿಂದ ‘ಶಭಾಷ್’ ಎಂದಷ್ಟೇ ಹೇಳಿ ಮುಗಿಸದೆ, ‘ಒಂದು ಆಯತಕ್ಕೆ ನಿಲ್ಲಿಸದೆ ಮೂರನ್ನು ಹೋಲಿಸಿ ನೋಡಿದೆಯಲ್ಲ, ಅದರಿಂದಲೇ ನಿಯಮ ಸಿಕ್ಕಿತು’ ಎಂದು ಮಾಡಿದ ಕೆಲಸವನ್ನೇ ಹೆಸರಿಸಿ.

ಗೋಡೆಯ ಮೇಲೆ ಅಂಕಪಟ್ಟಿಯ ಬದಲು ‘ಮೊದಲು ಹೀಗೆ ಅಂದುಕೊಂಡಿದ್ದೆ, ಈಗ ಹೀಗೆ ಅನ್ನಿಸುತ್ತಿದೆ, ಕಾರಣ ಇದು’ ಎಂಬ ಮೂರು ಸಾಲಿನ ಚೀಟಿಗಳನ್ನು ಅಂಟಿಸಿ. ದಾರದ ಪಾಠದಲ್ಲಿ ಮೊದಲು ತಪ್ಪು ಊಹೆ ಮಾಡಿದ ಮಗುವಿಗೂ ಅಲ್ಲಿ ಜಾಗ ಸಿಗುತ್ತದೆ. ಈ ವಯಸ್ಸಿನ ಕೆಲವರಿಗೆ ಎಲ್ಲರೆದುರು ಹೊಗಳಿಸಿಕೊಳ್ಳುವುದೆಂದರೆ ಮುಜುಗರ. ಅಂಥವರನ್ನು ಮೊದಲೇ ಕೇಳಿ, ಬೇಡವೆಂದರೆ ಅವರ ನೋಟ್‌ಬುಕ್ಕಿನ ಅಂಚಿನಲ್ಲಿ ಒಂದು ಸಾಲು ಬರೆಯಿರಿ. ಪೋಷಕರ ಸಭೆ ಬಂದಾಗ ಆ ಚೀಟಿಗಳನ್ನು ಅಂಕಗಳಿಗಿಂತ ಮೊದಲು ಮೇಜಿನ ಮೇಲಿಟ್ಟು, ಮಗುವೇ ಅದನ್ನು ಓದಿ ವಿವರಿಸಲು ಬಿಡಿ.