ಜರ್ಮನ್ ಬಾರದಿದ್ದರೂ ಜೆಪ್ಪು ಹೆಂಚಿನ ಕಥೆ ಓದಿದ್ದು

ಮಂಗಳೂರಿನ ಜೆಪ್ಪುವಿನಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅದರ ಬಗ್ಗೆ ಕನ್ನಡದಲ್ಲಿ ನನಗೆ ಸಿಕ್ಕಿದ್ದು ಸ್ವಲ್ಪವೇ. ಮಿಷನರಿಗಳು ತಮ್ಮವರಿಗೆ ಬರೆದದ್ದೆಲ್ಲ ಹೆಚ್ಚಾಗಿ ಜರ್ಮನ್‌ನಲ್ಲಿ. 1828ರಲ್ಲಿ ಶುರುವಾದ ಅವರ ‘ಹೈಡನ್‌ಬೋಟೆ’ ಪತ್ರಿಕೆಯ ಹಳೆ ಸಂಪುಟಗಳು ಸ್ಕ್ಯಾನ್ ಆಗಿ ಗೂಗಲ್ ಬುಕ್ಸ್‌ನಂಥ ಕಡೆ ಸಿಗುತ್ತವೆ. ನನಗೆ ಜರ್ಮನ್ ಬರುವುದಿಲ್ಲ. ಆದರೂ ಮನೆಯ ಹಳೆ ಕಂಪ್ಯೂಟರಿನಲ್ಲೇ ಅನುವಾದ ಮಾಡಿಸಿಕೊಂಡು ಓದುತ್ತಿದ್ದೇನೆ.

ಅನುವಾದವೇ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ ಮಾರಾಯ್ರೇ, ಕಷ್ಟ ಇರುವುದು ಅಕ್ಷರದಲ್ಲಿ. ಆ ಕಾಲದ ಜರ್ಮನ್ ಪುಸ್ತಕಗಳನ್ನು ಅಚ್ಚು ಹಾಕಿದ್ದು ಫ್ರಾಕ್ಟೂರ್ ಎಂಬ ಮುರುಕು ಲಿಪಿಯಲ್ಲಿ. ಅದರಲ್ಲಿ ಪದದ ನಡುವೆ ಬರುವ ‘ಎಸ್’ ಥೇಟ್ ‘ಎಫ್’ ಥರ. ದೊಡ್ಡಕ್ಷರದ ‘ಬಿ’ ಯಾವುದು, ‘ವಿ’ ಯಾವುದು ಅಂತ ಕಣ್ಣು ಕಿರಿದು ಮಾಡಿ ನೋಡಬೇಕು.

ನಾನು ಬಳಸುವುದು ಟೆಸರಾಕ್ಟ್. ಚಿತ್ರದಲ್ಲಿರುವ ಅಕ್ಷರವನ್ನು ಪಠ್ಯ ಮಾಡಿಕೊಡುವ ಉಚಿತ ತಂತ್ರಾಂಶ. ಕಮಾಂಡ್ ಟೈಪ್ ಮಾಡುವುದು ಬೇಡವಾದರೆ, ಟೆಸರಾಕ್ಟನ್ನು ಮೌಸಿನಲ್ಲೇ ನಡೆಸಲಿಕ್ಕೆ ಬಿಡುವ ಜಿ-ಇಮೇಜ್‌ರೀಡರ್ ಹಾಕಿಕೊಳ್ಳಿ. ಪಿಡಿಎಫ್ ತೆರೆದು, ಬೇಕಾದ ಭಾಗಕ್ಕೆ ಮೌಸಿನಲ್ಲಿ ಚೌಕ ಎಳೆದರೆ ಸಾಕು. ಎರಡು ಕಾಲಂ ಇರುವ ಪುಟಕ್ಕೆ ಒಂದೊಂದೇ ಕಾಲಂ ಎಳೆಯಬೇಕು, ಇಲ್ಲದಿದ್ದರೆ ಸಾಲುಗಳು ಒಂದರೊಳಗೊಂದು ಸೇರಿಕೊಳ್ಳಬಹುದು. ಭಾಷೆಯ ಪಟ್ಟಿಯಲ್ಲಿ ಸುಮ್ನೆ ‘ಜರ್ಮನ್’ ಆರಿಸಿದರೆ ‘ಮಿಸಿಯೋನ್’ (ಮಿಷನ್) ಹೋಗಿ ‘ಮಿಫಿಯೋನ್’ ಆಗುತ್ತದೆ. ಫ್ರಾಕ್ಟೂರ್‌ಗೇ ಬೇರೆ ಕಡತ ಇದೆ, ಅದನ್ನು ಇಳಿಸಿಕೊಳ್ಳಿ. ನೀವೇ ಸ್ಕ್ಯಾನ್ ಮಾಡುವುದಾದರೆ 300 ಡಿಪಿಐಗಿಂತ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಕಡಿಮೆ ಬೇಡ.

ಆಮೇಲೆ ಸಾಲುಗಳನ್ನು ಜೋಡಿಸುವ ಕೆಲಸ. ಇದು ಬೇಜಾರಿನದ್ದು, ಆದರೆ ಬಿಡುವ ಹಾಗಿಲ್ಲ. ಜರ್ಮನ್‌ನಲ್ಲೂ ಎಷ್ಟೋ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೇ ಬರುತ್ತದೆ, ನಮ್ಮ ಹಾಗೆಯೇ. ಸಾಲು ಮುರಿದಲ್ಲೇ ಬಿಟ್ಟರೆ ಅನುವಾದದ ಯಂತ್ರ ಅರ್ಧ ವಾಕ್ಯ ಓದಿ ಏನೋ ಒಂದು ಹೇಳಿಬಿಡುತ್ತದೆ. ಸಾಲಿನ ಕೊನೆಯಲ್ಲಿ ತುಂಡಾದ ಪದವನ್ನೂ ಸೇರಿಸಬೇಕು. ಆ ಲಿಪಿಯಲ್ಲಿ ತುಂಡಾದಲ್ಲಿ ಹಾಕುವ ಗೆರೆ ಸಮಚಿಹ್ನೆಯ ಥರ ಎರಡು ಗೆರೆ.

ಇಷ್ಟಾದರೆ ಅನುವಾದ ಸಲೀಸು. ಒಂದೊಂದೇ ಪ್ಯಾರಾ ಹಾಕುತ್ತೇನೆ. ಕನ್ನಡಕ್ಕಿಂತ ಇಂಗ್ಲಿಷಿಗೆ ಮಾಡಿದರೆ ಅರ್ಥ ಹೆಚ್ಚು ನೆಟ್ಟಗೆ ಬರುತ್ತದೆ ಅಂತ ನನಗನಿಸಿದೆ. ಫೈರ್‌ಫಾಕ್ಸ್ ಬ್ರೌಸರಿನ ಅನುವಾದ ನಮ್ಮ ಕಂಪ್ಯೂಟರಿನೊಳಗೇ ನಡೆಯುತ್ತದೆ, ಭಾಷೆಯ ಕಡತ ಒಮ್ಮೆ ಇಳಿದರೆ ಆಯಿತು. ಮಳೆಗಾಲದಲ್ಲಿ ನೆಟ್ ಕೈಕೊಡುವ ನಮ್ಮ ಕಡೆಗೆ ಇದೇ ಒಳ್ಳೆಯದು, ಅಲ್ವಾ?

ಊರ ಹೆಸರುಗಳನ್ನು ಮಾತ್ರ ಯಂತ್ರಕ್ಕೆ ಬಿಡಬೇಡಿ. ಜೋರಾಗಿ ಓದಿಕೊಳ್ಳಿ. ಜರ್ಮನ್ನರು ‘ಚ’ಕ್ಕೆ ನಾಲ್ಕು ಅಕ್ಷರ ಬರೆಯುತ್ತಾರೆ, ಟಿ-ಎಸ್-ಸಿ-ಎಚ್ ಅಂತ. ‘ತಲಶ್ಶೇರಿ’ ಅವರಲ್ಲಿ ‘ತಲಚೇರಿ’ಯಾಗಿ ಕುಳಿತಿರುತ್ತದೆ.

ಕೈಬರಹದ ಕಾಗದಗಳಿಗೆ ಟೆಸರಾಕ್ಟ್ ಪ್ರಯೋಜನವಿಲ್ಲ. ಅದು ಕುರೆಂಟ್ ಎಂಬ ಬೇರೆಯೇ ಕೂಡಕ್ಷರ. ಅದಕ್ಕೆ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಕೈಬರಹ ಓದುವ ಟ್ರಾನ್ಸ್‌ಕ್ರಿಬಸ್ ನೋಡಬಹುದು. ಇದಕ್ಕೆ ನೆಟ್ ಬೇಕೇ ಬೇಕು, ಪುಟ ಜಾಸ್ತಿಯಾದರೆ ದುಡ್ಡೂ ಕೊಡಬೇಕು. ಅಲ್ಲಿಂದ ಬಂದ ಇಸವಿ, ಲೆಕ್ಕಗಳನ್ನು ನಾನು ಮೂಲ ಚಿತ್ರದ ಪಕ್ಕ ಇಟ್ಟು ನೋಡದೆ ಬರೆದುಕೊಳ್ಳುವುದಿಲ್ಲ. 1865 ಯಾವಾಗ 1855 ಆಗುತ್ತದೋ ಹೇಳಲಿಕ್ಕಾಗದು.