ಎರಡು ಫಿಫ್ತ್ ವೀಲ್‌ಗಳಲ್ಲಿ ಒಂದನ್ನು ಆರಿಸುವುದು: ಮೊದಲು ಸ್ಟಿಕ್ಕರ್, ಆಮೇಲೆ ಸೋಫಾ

ಅಮೆರಿಕದಲ್ಲಿ ಐಷಾರಾಮಿ ಫಿಫ್ತ್ ವೀಲ್ ಟ್ರೇಲರ್ (ಪಿಕಪ್ ಟ್ರಕ್ಕಿಗೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ) ನೋಡಲು ಹೋದರೆ ಡೀಲರ್ ಮೊದಲು ಒಳಗೆ ಕರೆಯುತ್ತಾನೆ. ಫೈರ್‌ಪ್ಲೇಸ್, ದೊಡ್ಡ ಮಂಚ, ಚರ್ಮದ ಸೋಫಾ ಕಂಡ ಮೇಲೆ ಲೆಕ್ಕ ಹಾಕುವ ಮನಸ್ಸು ಯಾರಿಗೂ ಇರುವುದಿಲ್ಲ. ಹಾಗಾಗಿ ಹೊರಗೇ ನಿಂತು ಶುರು ಮಾಡಿ, ಅದೂ ಟ್ರೇಲರ್‌ನಿಂದಲ್ಲ, ನಿಮ್ಮ ಪಿಕಪ್ ಟ್ರಕ್ಕಿನಿಂದ.

ಫಿಫ್ತ್ ವೀಲ್‌ನ ಮುಂಭಾಗದ ಕೊಂಡಿಗೂಟ, ಅಂದರೆ ಕಿಂಗ್‌ಪಿನ್, ಟ್ರಕ್ಕಿನ ಬೆಡ್ಡಿನಲ್ಲಿ (ಸಾಮಾನು ಹೇರುವ ಹಿಂಭಾಗದಲ್ಲಿ), ಹಿಂದಿನ ಆಕ್ಸಲ್ ಮೇಲೆ ಕೂರುತ್ತದೆ. ತುಂಬಿದ ಟ್ರೇಲರ್‌ನ ತೂಕದಲ್ಲಿ ಶೇ. 20ರಿಂದ 25 ನೇರ ಟ್ರಕ್ಕಿನ ಬೆನ್ನಿಗೆ ಬೀಳುತ್ತದೆ. ಇದೇ ಪಿನ್ ತೂಕ. ಟ್ರಕ್ ಎಷ್ಟು ಎಳೆಯುತ್ತದೆ ಎಂದು ಜಾಹೀರಾತು ಹೇಳುತ್ತದೆ. ಆದರೆ ಎಳೆಯುವ ಶಕ್ತಿ ಮುಗಿಯುವ ಎಷ್ಟೋ ಮೊದಲೇ ಹೊರುವ ಶಕ್ತಿ ಮುಗಿದಿರುತ್ತದೆ.

ಕೀಸ್ಟೋನ್ ಮೊಂಟಾನಾ ಮತ್ತು ಡಿಆರ್‌ವಿ ಮೊಬೈಲ್ ಸೂಟ್ಸ್ ತರಹದ ಜೋಡಿ ಇಟ್ಟುಕೊಳ್ಳಿ. ಎರಡೂ ಇಂಡಿಯಾನಾದಲ್ಲಿ ತಯಾರಾಗುವಂಥವು, ಎರಡೂ ಥಾರ್ ಇಂಡಸ್ಟ್ರೀಸ್ ಬಳಗದವು. ಮೊದಲನೆಯದು ಹಗುರ, ಎರಡನೆಯದು ಭಾರಿ. ಲೆಕ್ಕಕ್ಕೆ ತುಂಬಿದ ತೂಕ 16,000 ಮತ್ತು 21,000 ಪೌಂಡ್ ಎನ್ನೋಣ. ನೀವು ನೋಡುತ್ತಿರುವ ಮಾದರಿಯ ನಿಜವಾದ ಅಂಕಿಯನ್ನು ಅದರ ಮೈಮೇಲಿನ ಸ್ಟಿಕ್ಕರ್‌ನಿಂದಲೇ ಬರೆದುಕೊಳ್ಳಿ. ಬ್ರೋಷರ್‌ನ ಖಾಲಿ ತೂಕ ನಂಬಬೇಡಿ. ಜನರೇಟರ್, ವಾಷಿಂಗ್ ಮಷಿನ್, ಮೂರನೆಯ ಎಸಿ ಎಷ್ಟೋ ಸಲ ಅದರಲ್ಲಿ ಸೇರಿರುವುದಿಲ್ಲ.

ಈಗ ಟ್ರಕ್ಕಿನ ಚಾಲಕನ ಬಾಗಿಲು ತೆಗೆಯಿರಿ. ಚೌಕಟ್ಟಿನ ಮೇಲೆ ಹಳದಿ ಪಟ್ಟಿಯ ಸ್ಟಿಕ್ಕರ್ ಇರುತ್ತದೆ: ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು. ಹಿಂದೆ ಒಂಟಿ ಚಕ್ರದ ಟ್ರಕ್ಕಿನಲ್ಲಿ ಅದು 3,700 ಎಂದುಕೊಳ್ಳಿ. ಟ್ರೇಲರ್ ಕೂಡಿಸುವ ಕೊಂಡಿ ಅಂದರೆ ಹಿಚ್ 200, ನಾಲ್ಕು ಜನರ ಸಂಸಾರ 600, ಉಪಕರಣ 100 ಕಳೆದರೆ ಉಳಿಯುವುದು 2,800. ಹಗುರದ ಟ್ರೇಲರ್‌ನ ಶೇ. 22 ಎಂದರೇನೇ 3,520. ಅಂದರೆ ಆ ಟ್ರಕ್ಕಿಗೆ ಎರಡೂ ಆಗಿಬರುವುದಿಲ್ಲ. ಹಿಂದೆ ಜೋಡಿ ಚಕ್ರವಿರುವ ಡ್ಯೂಯಲಿಯ ಸ್ಟಿಕ್ಕರ್ 5,500 ಇದ್ದರೆ ಅದೇ 900 ಕಳೆದು 4,600 ಉಳಿಯುತ್ತದೆ. ಹಗುರದ್ದು ಆರಾಮವಾಗಿ ಕೂರುತ್ತದೆ, ಭಾರಿಯದು 4,620ಕ್ಕೆ ಬಂದು 20 ಪೌಂಡ್ ಮೀರುತ್ತದೆ. ಇಪ್ಪತ್ತೇ ಅಲ್ಲವೇ ಎನ್ನಬೇಡಿ, ಇನ್ನೂ ನಾಯಿ, ಸೈಕಲ್, ಬೆಡ್ಡಿನಲ್ಲಿಡುವ ಡೀಸೆಲ್ ಟ್ಯಾಂಕ್ ಯಾವುದೂ ಲೆಕ್ಕಕ್ಕೆ ಬಂದಿಲ್ಲ. ಭಾರಿಯದೇ ಬೇಕೆಂದರೆ ಟ್ರಕ್ಕಿನ ಬೆಲೆಯನ್ನೂ ಟ್ರೇಲರ್‌ನ ಬೆಲೆಗೆ ಕೂಡಿಸಿ ಹೋಲಿಸಿ.

ಟ್ರಕ್ ಹೊರುವುದು ಹೋಗಿ ಉಳಿದದ್ದನ್ನು ಟ್ರೇಲರ್‌ನ ಆಕ್ಸಲ್ ಹೊರಬೇಕು. 16,000ದಲ್ಲಿ 3,520 ಹೋದರೆ 12,480. ಎರಡು 7,000 ಪೌಂಡಿನ ಆಕ್ಸಲ್ ಸಾಕು. 21,000ದ್ದರಲ್ಲಿ 16,380 ಉಳಿಯುತ್ತದೆ. ಎರಡು 8,000ದ ಆಕ್ಸಲ್‌ಗೆ ಅದು ಹೆಚ್ಚಾಯಿತು, ಮೂರು 7,000ದ್ದು ಬೇಕು. ಮೂರು ಆಕ್ಸಲ್ ಇದ್ದರೆ ಇಕ್ಕಟ್ಟಿನ ತಿರುವಿನಲ್ಲಿ ಟೈರು ಅಡ್ಡಕ್ಕೆ ಉಜ್ಜಿ ಸವೆಯುತ್ತದೆ ಎಂಬುದೂ ಗೊತ್ತಿರಲಿ.

ಟೈರಿನ ಪಕ್ಕದ ಗೋಡೆ ಓದಿ. ಒಂದೊಂದೂ 3,420 ಪೌಂಡ್ ಹೊರುವ, 80 ಪಿಎಸ್‌ಐ ಗಾಳಿ ಒತ್ತಡದ, ಲೋಡ್ ರೇಂಜ್ ಇ (ಭಾರ ಹೊರುವ ದರ್ಜೆ) ಟೈರು ನಾಲ್ಕಿದ್ದರೆ 13,680 ಆಯಿತು. 12,480ಕ್ಕೆ ಇದು ಸಾಲುತ್ತದೆ ಎನಿಸಬಹುದು, ಸಾಲದು. ಅಡುಗೆಮನೆಯ ಸ್ಲೈಡ್ (ನಿಲ್ಲಿಸಿದಾಗ ಹೊರಕ್ಕೆ ಜಾರಿಸಿ ಜಾಗ ಹಿಗ್ಗಿಸುವ ಭಾಗ), ಫ್ರಿಜ್ ಎಲ್ಲ ಒಂದೇ ಬದಿಗಿದ್ದರೆ ಆ ಬದಿಯ ಟೈರಿಗೆ ಹೆಚ್ಚು ಭಾರ. ಬೇಸಿಗೆಯ ಹೆದ್ದಾರಿಯಲ್ಲಿ ಅದೇ ಒಡೆಯುವುದು, ಒಡೆದಾಗ ಮೇಲಿನ ಫೆಂಡರ್, ಪೈಪು, ತಂತಿ ಕಿತ್ತುಕೊಂಡೇ ಹೋಗುತ್ತದೆ. ಶೇ. 15 ಮಿಗಿತ ಇರಲಿ, ಅಂದರೆ 110 ಪಿಎಸ್‌ಐನ ಲೋಡ್ ರೇಂಜ್ ಜಿ ಕೇಳಿ. ಟೈರಿನ ಮೇಲೆ ಅಚ್ಚೊತ್ತಿದ ಡಿಒಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 2324 ಎಂದಿದ್ದರೆ ಟೈರು 2024ರ 23ನೇ ವಾರದ್ದು. ಡೀಲರ್ ಅಂಗಳದಲ್ಲಿ ಎರಡು ವರ್ಷ ಬಿಸಿಲು ಕುಡಿದ ‘ಹೊಸ’ ಟ್ರೇಲರ್ ಸಿಗುವುದುಂಟು.

ಲೈಸೆನ್ಸ್ ವಿಷಯ. ಕ್ಯಾಲಿಫೋರ್ನಿಯಾದಲ್ಲಿ 15,000 ಪೌಂಡ್ ಮೀರಿದ ಫಿಫ್ತ್ ವೀಲ್‌ಗೆ ವಾಣಿಜ್ಯೇತರ ಕ್ಲಾಸ್ ಎ ಲೈಸೆನ್ಸ್ ಬೇಕು, ಹಾಗಾಗಿ ಬೇ ಏರಿಯಾದ ನಮ್ಮವರಿಗೆ ಇವೆರಡರಲ್ಲಿ ಯಾವುದನ್ನು ಕೊಂಡರೂ ಪರೀಕ್ಷೆ ತಪ್ಪಿದ್ದಲ್ಲ.

ಇಷ್ಟಾದ ಮೇಲೆ ಮೈ ನೋಡಿ. ಪಕ್ಕದ ಗೋಡೆಗೆ ಕೆನ್ನೆ ತಾಗಿಸಿದಂತೆ ನಿಂತು ಟಾರ್ಚನ್ನು ಉದ್ದಕ್ಕೆ ಹಾಯಿಸಿ. ಕಿಟಕಿಯ ಮೂಲೆಗಳ ಕೆಳಗೆ ಹಪ್ಪಳದಂತೆ ಉಬ್ಬಿದ್ದರೆ ನೀರು ಒಳಹೊಕ್ಕು ಫೈಬರ್‌ಗ್ಲಾಸ್ ಹಲಗೆಯಿಂದ ಬಿಟ್ಟುಕೊಂಡಿದೆ. ರಿಪೇರಿಗೆ ಕೈಹಾಕುವಂಥದ್ದಲ್ಲ, ಬಿಟ್ಟುಬಿಡಿ. ಮುಂಭಾಗದ ಕ್ಯಾಪ್ ಗೋಡೆಗೆ ಸೇರುವಲ್ಲಿ ಸೀಲಂಟ್ ಬಿರಿದಿದ್ದರೆ ಪಿನ್ ಬಾಕ್ಸ್ (ಕಿಂಗ್‌ಪಿನ್ ಹಿಡಿದಿರುವ ಉಕ್ಕಿನ ಪೆಟ್ಟಿಗೆ) ಹತ್ತಿರದ ಫ್ರೇಮ್ ಬಾಗುತ್ತಿರಬಹುದು. ಯಾರಾದರೂ ಮುಂದಿನ ಕಾಲುಗಳನ್ನು ನಿಧಾನ ಏರಿಸಿ ಇಳಿಸುವಾಗ ಆ ಸಂದಿಗೆ ಬೆರಳಿಟ್ಟು ನೋಡಿ, ಅಲುಗಬಾರದು.

ಒಳಗೆ ಹೋಗುವ ಮುನ್ನ ಸ್ಲೈಡ್‌ಗಳನ್ನೆಲ್ಲ ಮುಚ್ಚಿಸಿ. ದಾರಿಯಲ್ಲಿ ನಿಲ್ಲಿಸಿದಾಗ ಶೌಚಾಲಯಕ್ಕೂ ಫ್ರಿಜ್ಜಿಗೂ ದಾರಿ ಇದೆಯೇ? ಎಷ್ಟೋ ದುಬಾರಿ ನಕ್ಷೆಗಳು ಇಲ್ಲೇ ಸೋಲುತ್ತವೆ. ಒಗ್ಗರಣೆ ಹಾಕುವ ಮನೆಯವರು ಒಲೆಯ ಮೇಲಿನ ಹುಡ್ ಫ್ಯಾನ್ ಹಾಕಿ ಹೊರಗೆ ಓಡಿಬಂದು ಗಾಳಿ ಬರುತ್ತಿದೆಯೇ ನೋಡಿ. ಕೆಲವು ಹೊಗೆಯನ್ನು ಜಾಲರಿಯಲ್ಲಿ ಸೋಸಿ ಒಳಗೇ ಬಿಡುತ್ತವೆ. ಮೆಣಸಿನಕಾಯಿ ಘಾಟು ಹಾಸಿಗೆವರೆಗೂ ಹೋಗುತ್ತದೆ. ಇನ್ನು ಕೆಲವಕ್ಕೆ ಹೊರಗಿನ ಮುಚ್ಚಳದ ಚಿಲಕವನ್ನು ಕೈಯಿಂದ ತೆಗೆಯಬೇಕು.

ವರ್ಷವಿಡೀ ಅದರಲ್ಲೇ ವಾಸ ಮಾಡುವವರು ವಾರಂಟಿ ಪತ್ರದಲ್ಲಿ ಪೂರ್ಣಾವಧಿ ವಾಸದ ಸಾಲು ಹುಡುಕಿ. ಅಂಥ ಬಳಕೆಗೆ ಅನ್ವಯಿಸದು ಎಂದಿದ್ದರೆ ಅಗ್ಗದ ಟ್ರೇಲರ್ ಅಗ್ಗವಲ್ಲ. ಸಾಮಾನಿಗೆ ಕನಿಷ್ಠ 3,000 ಪೌಂಡ್ ಅವಕಾಶವೂ ಇರಲಿ. 60 ಗ್ಯಾಲನ್ ನೀರೇ 500 ಪೌಂಡ್ ತಿನ್ನುತ್ತದೆ.

ಕೊಂಡ ಮೇಲೆ, ಸಾಮಾನು ತುಂಬಿದ ಮೊದಲ ದಿನವೇ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್‌ಗೆ (ವಾಹನ ತೂಗುವ ತಕ್ಕಡಿಗೆ) ಹೋಗಿ. ಟ್ರೇಲರ್ ಸಮೇತ ಒಮ್ಮೆ, ಬಿಚ್ಚಿಟ್ಟು ಟ್ರಕ್ ಮಾತ್ರ ಇನ್ನೊಮ್ಮೆ. ಟ್ರಕ್ಕಿನ ಎರಡು ಆಕ್ಸಲ್‌ಗಳ ಒಟ್ಟು ತೂಕದಲ್ಲಿ ಬರುವ ವ್ಯತ್ಯಾಸವೇ ನಿಜವಾದ ಪಿನ್ ತೂಕ. ಹೆಚ್ಚಾಗಿದ್ದರೆ ಟ್ರೇಲರ್‌ನ ಮುಂದಿನ ಸಾಮಾನು ಗೂಡಿನ ಭಾರವನ್ನು ಆಕ್ಸಲ್‌ಗಳ ಮೇಲಕ್ಕೆ ಸರಿಸಿ. ಪೂರ್ತಿ ಹಿಂದಕ್ಕೆ ಬೇಡ, ಪಿನ್ ತೂಕ ತೀರಾ ಇಳಿದರೆ ಟ್ರೇಲರ್ ಗಾಳಿಗೆ ಓಲಾಡತೊಡಗಬಹುದು.